ಕುದುರೆಗಳ ಕೆಳಗೆ ಜೇನುಹುಳ

ಅಧಿವೇಶನದ ವಾರವಾದ್ದರಿಂದ ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಸಿಯಾನ್ ತಟ್ಟೆ ಹಿಡಿದು ಕಿಟಕಿಯ ಮೂಲೆಗೆ ಬಂದಾಗ ನೇಜಾ ಆಗಲೇ ಎರಡು ಕುರ್ಚಿ ಹಿಡಿದಿಟ್ಟುಕೊಂಡು ಕೂತಿದ್ದಳು. ನೇಜಾ ಸ್ಲೊವೇನಿಯಾದ ಹುಡುಗಿ. ಯುರೋಪಿನ ಸಂಸತ್ತು ಆಡಳಿತ ನಡೆಸುವ ಆಯೋಗವನ್ನು ಪ್ರಶ್ನೆ ಕೇಳಿ ಕೇಳಿ ಎಷ್ಟರಮಟ್ಟಿಗೆ ಹಿಡಿತದಲ್ಲಿಟ್ಟುಕೊಂಡಿದೆ ಎಂಬುದರ ಮೇಲೆ ಅವಳು ಪ್ರಬಂಧ ಬರೆಯುತ್ತಿದ್ದಳು. ಜೋಸಿಯಾನ್ ಅದೇ ಸಂಸತ್ತಿನ ಕೃಷಿ ಸಮಿತಿಯ ಕಚೇರಿಯಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದವಳು. ಬರುವ ಬೇಸಿಗೆಗೆ ನಿವೃತ್ತಿ.

ನೇಜಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಹಳೆಯ ಕಾಲದ ಪ್ರಶ್ನೋತ್ತರಗಳನ್ನೆಲ್ಲ ಹೆಕ್ಕಿ ಪಟ್ಟಿ ಮಾಡಿದ್ದಳು. ಕೇಳಿದ ಪ್ರಶ್ನೆ, ಉತ್ತರ ಸಿಕ್ಕಿದ್ದು, ಬಿದ್ದುಹೋಗಿದ್ದು.

"ಇಲ್ನೋಡಿ ಮೇಡಂ, ತಮಾಷೆ ಅಂದ್ರೆ ಇದು. ಕೆಲವರು ತಾವೇ ಪ್ರಶ್ನೆ ಹಾಕಿ ತಾವೇ ಬಂದಿಲ್ಲ. ಬರದೇ ಇದ್ರೆ ಪ್ರಶ್ನೆ ಬಿದ್ದುಹೋಗತ್ತೆ ಅಂತ ಗೊತ್ತಿದ್ದೂ. ಒಳ್ಳೇ ಉದಾಹರಣೆ ಬೇಕಿತ್ತು, ಇವರೊಬ್ರು ಸಿಕ್ಕಿದಾರೆ. ಲಕ್ಸೆಂಬರ್ಗಿನ ವೇಡರ್ಟ್. ಮೂರು ಅಧಿವೇಶನ ಒಂದೇ ಪ್ರಶ್ನೆ ಹಾಕ್ತಾರೆ, ಕೊನೇ ಸಲ ಸರದಿ ಬಂದಾಗ ನಾಪತ್ತೆ."

ಜೋಸಿಯಾನಳ ಕೈ ತಟ್ಟೆಯ ಮೇಲೆ ನಿಂತಿತು. ತಟ್ಟೆಯಲ್ಲಿ ಮೇ ತಿಂಗಳ ಬಿಳಿ ಶತಾವರಿಯ ಚಿಗುರುಗಳಿದ್ದವು.

"ನಾಪತ್ತೆ ಅಲ್ಲ," ಎಂದಳು. "ಊಟಕ್ಕೆ ಹೋಗಿದ್ರು. ಇದನ್ನೇ ತಿಂತಾ ಕೂತಿದ್ರು."

ನೇಜಾ ಪೆನ್ನು ತೆಗೆದಳು. ಜೋಸಿಯಾನ್ ಪೆನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಮೊದ್ಲು ಕೇಳು," ಎಂದಳು.

ಆಗ ಈ ಗಾಜಿನ ಕಟ್ಟಡ ಇರಲಿಲ್ಲ. ಸಭೆ ಸೇರುತ್ತಿದ್ದುದು ಎದುರು ದಡದ ಹಳೆಯ ಭವನದಲ್ಲಿ. ತಿಂಗಳಿಗೊಮ್ಮೆ ಅಧಿವೇಶನ ಬಂತೆಂದರೆ ಸ್ಟ್ರಾಸ್‌ಬುರ್ಗ್ ಊರಿಗೆ ಊರೇ ಮದುವೆ ಮನೆಯಾಗುತ್ತಿತ್ತು. ಹೋಟೆಲುಗಳು ಸಾಲದೆ ಮನೆಮನೆಗಳಲ್ಲಿ ಕೋಣೆ ಖಾಲಿ ಮಾಡಿ ಕೊಡುತ್ತಿದ್ದರು. ಮಕ್ಕಳು ಅಜ್ಜಿಯ ಮನೆಗೆ, ಅಜ್ಜಿ ಸೋಫಾದ ಮೇಲೆ, ಬಾಡಿಗೆಯ ವಿದ್ಯಾರ್ಥಿಗಳು ಎಲ್ಲಿಗಾದರೂ.

ಜೋಸಿಯಾನ್ ಅಂಥ ಬಾಡಿಗೆಯ ವಿದ್ಯಾರ್ಥಿ. ಎರ್ನಾ ಶ್ಟೋಫೆಲ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಅವಳಿಗೊಂದು ಕೋಣೆ. ಬೀದಿಯವರೆಲ್ಲ ಎರ್ನಾ ಅತ್ತೆ ಎಂದು ಕರೆಯುತ್ತಿದ್ದುದರಿಂದ ಜೋಸಿಯಾನಳಿಗೂ ಅವರು ಅತ್ತೆಯೇ. ಅಧಿವೇಶನ ಬಂದಾಗ ಅವಳು ಬಟ್ಟೆಗಂಟು, ಹಾಸಿಗೆ ಹೊತ್ತು ಕೆಳಗಿಳಿದು ಹಿತ್ತಲ ಕಡೆಯ ಗಾಜಿನ ಪಡಸಾಲೆಗೆ ಹೋಗಬೇಕು. ಅಲ್ಲಿ ಅತ್ತೆಯ ಜೇನು ತೆಗೆಯುವ ಯಂತ್ರ, ಖಾಲಿ ಜೇನುಪೆಟ್ಟಿಗೆಗಳು, ಹೊಗೆ ಹಾಕುವ ಡಬ್ಬಿ. ನಾಲ್ಕು ದಿನ ಮೇಣದ ವಾಸನೆಯಲ್ಲಿ ಮಲಗಿ ಎದ್ದರೆ ಕೂದಲಿಗೂ ಅದೇ ವಾಸನೆ ಹತ್ತುತ್ತಿತ್ತು. ಈಗಲೂ ಎಲ್ಲಾದರೂ ಮೇಣದ ಬತ್ತಿ ಆರಿಸಿದರೆ ಅವಳಿಗೆ ಆ ಪಡಸಾಲೆಯ ತಣ್ಣನೆಯ ನೆಲ ಅಂಗಾಲಿಗೆ ತಾಕಿದಂತಾಗುತ್ತದೆ.

ಅವಳ ಕೋಣೆಗೆ ಬರುತ್ತಿದ್ದವರೇ ಜೆಂಪಿ ವೇಡರ್ಟ್. ಲಕ್ಸೆಂಬರ್ಗಿನ ಒಂದು ಹಳ್ಳಿಯ ಶಾಲೆಯಲ್ಲಿ ಬಹಳ ಕಾಲ ಪಾಠ ಹೇಳಿ, ಇಳಿವಯಸ್ಸಿನಲ್ಲಿ ಸಂಸತ್ತಿಗೆ ಆರಿಸಿ ಬಂದವರು. ಅವರ ನಾಡಿನ ಮಾತೂ ಎರ್ನಾ ಅತ್ತೆಯ ಈ ಆಲ್ಸೇಸ್ ಸೀಮೆಯ ಮಾತೂ ದಾಯಾದಿಗಳ ಹಾಗೆ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ಜಗಳವಾಡುತ್ತಿದ್ದರು.

ಮೊದಲ ಬೆಳಗ್ಗೆ ತಿಂಡಿಗೆ ಕೂತಾಗಲೇ ಅವರು ಜೋಸಿಯಾನಳನ್ನು ವಿಚಾರಿಸಿದ್ದರು.

"ನೀನೇನು ಓದ್ತೀ ಮಗು?"

"ಸಂಸತ್ತಿನ ಬಗ್ಗೆ, ಸರ್. ಅದು ಆಯೋಗದ ಮೇಲೆ ಹೇಗೆ ಕಣ್ಣಿಡುತ್ತೆ ಅಂತ."

"ಕೇಳಿದ್ರಾ ಮೇಷ್ಟ್ರೇ," ಎಂದು ಎರ್ನಾ ಅತ್ತೆ ಒಲೆಯ ಕಡೆಯಿಂದಲೇ ನಕ್ಕರು. "ಸಂಸತ್ತು ಓದೋಕೆ ಬಂದವಳನ್ನ ಸಂಸತ್ತೇ ಕೋಣೆಯಿಂದ ಆಚೆ ಹಾಕಿದೆ."

ವೇಡರ್ಟ್ ಕೆಂಪಾದರು. ಆಮೇಲೆ ಎಂದೂ ಅವರು ಆ ಕೋಣೆಯನ್ನು ಸುಮ್ಮನೆ ಬಿಟ್ಟು ಹೋದದ್ದಿಲ್ಲ. ಮೇಜಿನ ಮೇಲೆ ಅವಳು ಬಿಟ್ಟ ಪ್ರಬಂಧದ ಹಾಳೆಗಳನ್ನು ಅವಳ ಒಪ್ಪಿಗೆ ಕೇಳಿಯೇ ಓದುತ್ತಿದ್ದರು. ಅವಳು ತಿರುಗಿ ಮಹಡಿ ಹತ್ತಿದಾಗ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿರುತ್ತಿದ್ದವು. 'ಈ ವಾಕ್ಯ ಉಸಿರು ಕಟ್ಟುತ್ತದೆ.' 'ಇದನ್ನು ನೀನು ಕಣ್ಣಾರೆ ನೋಡಿದೆಯಾ?' 'ಹಲ್ಲಿಲ್ಲದ ಸಂಸತ್ತು ಎಂದು ಬರೆದಿದ್ದೀಯ. ನನಗೆ ಇನ್ನೂ ಏಳು ಉಳಿದಿವೆ.'

ಜೇನುಹುಳದ ಪ್ರಶ್ನೆ ಹುಟ್ಟಿದ್ದೂ ಆ ಅಡುಗೆಮನೆಯಲ್ಲೇ. ರೈನ್ ನದಿಯಾಚೆ, ಜರ್ಮನಿಯ ಕಡೆ, ಅಕೇಶಿಯ ಮರಗಳು ವಾರ ಮೊದಲೇ ಹೂ ಬಿಡುತ್ತವೆ. ಎರ್ನಾ ಅತ್ತೆ ಪೆಟ್ಟಿಗೆಗಳನ್ನು ಗಾಡಿಗೆ ಹಾಕಿಕೊಂಡು ಸೇತುವೆ ದಾಟಿಸಿ, ಅಲ್ಲಿ ಹೂ ಮುಗಿದ ಮೇಲೆ ವಾಪಸು ತರಬೇಕು. ಪ್ರತಿ ಸಲ ದಾಟುವಾಗಲೂ ಪಶುವೈದ್ಯರ ಹೊಸ ಪತ್ರ, ಹೊಸ ಮುದ್ರೆ. ಮುದ್ರೆ ಸಿಗುವ ಹೊತ್ತಿಗೆ ಹೂ ಉದುರಿರುತ್ತಿತ್ತು.

"ಹುಳಗಳು ಹಾರ್ಕೊಂಡು ಹೋದ್ರೆ ಯಾರೂ ಕೇಳಲ್ಲ," ಎಂದರು ಅತ್ತೆ. "ನಾನು ಕರ್ಕೊಂಡು ಹೋದ್ರೆ ಕಳ್ಳಿ ಆಗ್ತೀನಿ. ನೀವೆಲ್ಲ ಅಲ್ಲಿ ಕೂತು ಏನ್ ಮಾಡ್ತೀರ ಮೇಷ್ಟ್ರೇ? ಗಡಿ ತೆಗೀತೀವಿ, ಗಡಿ ತೆಗೀತೀವಿ ಅಂತ ರೇಡಿಯೋದಲ್ಲಿ ಹೇಳಿದ್ದೇ ಹೇಳಿದ್ದು."

ವೇಡರ್ಟ್ ಚಮಚ ಕೆಳಗಿಟ್ಟರು. "ಕೇಳ್ತೀನಿ," ಎಂದರು.

ಜೋಸಿಯಾನಳಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಒಂದೇ ಒಂದು ಪ್ರಶ್ನೆಯನ್ನು, ಅಡುಗೆಮನೆಯ ಮೇಜಿನಿಂದ ಹಿಡಿದು ಆಯೋಗದ ಆಯುಕ್ತರ ಬಾಯಿಂದ ಉತ್ತರ ಬೀಳುವ ತನಕ, ಬೆನ್ನು ಹತ್ತಿ ಹೋದರೆ? ಅವಳ ಮಾರ್ಗದರ್ಶಕ ಪ್ರೊಫೆಸರರಿಗೆ ಇದು ರುಚಿಸಲಿಲ್ಲ. ಆಯವ್ಯಯದಂಥ ತೂಕದ ವಿಷಯ ಬಿಟ್ಟು ಜೇನುಹುಳವೇ ಎಂದು ಹುಬ್ಬೇರಿಸಿದರು. ಕೊನೆಗೆ, "ಆಗಲಿ, ಪ್ರಶ್ನೆ ಹುಟ್ಟಿದ್ದನ್ನ ತೋರಿಸಿದೀಯ. ಅದಕ್ಕೆ ಸಭೆಯಲ್ಲಿ ಉತ್ತರ ಸಿಕ್ಕಿದ್ದನ್ನೂ ತೋರಿಸ್ಬೇಕು. ಜೂನ್ ಒಳಗೆ. ಇಲ್ದಿದ್ರೆ ಇದು ಪ್ರಬಂಧ ಅಲ್ಲಮ್ಮ, ಹರಟೆ," ಎಂದರು.

ಜೂನ್‌ಗೆ ಅವಳ ವಿದ್ಯಾರ್ಥಿವೇತನವೂ ಮುಗಿಯುತ್ತಿತ್ತು. ಪ್ರಬಂಧ ಒಪ್ಪಿಗೆಯಾಗದಿದ್ದರೆ ಅವಳೂರಾದ ತಾನ್ ಪಟ್ಟಣದಲ್ಲಿ ಅಪ್ಪನ ಕಬ್ಬಿಣದ ಸಾಮಾನಿನ ಅಂಗಡಿ ಕಾದಿತ್ತು. ಅಪ್ಪ ಕೆಟ್ಟವರಲ್ಲ. ಆದರೆ ಅವಳಿಗಾಗಿ ಅಂಗಡಿ ಕೆಲಸದ ಒಂದು ನೀಲಿ ಅಂಗಿಯನ್ನು ಆಗಲೇ ಹೊಲಿಸಿ ಮೊಳೆಗೆ ತೂಗುಹಾಕಿದ್ದರು.

ಮೊದಲ ಅಧಿವೇಶನದಲ್ಲಿ ಪ್ರಶ್ನೆ ತೀರ ಕೆಳಗಿತ್ತು. ಸರದಿ ಬರುವಷ್ಟರಲ್ಲಿ ಹೊತ್ತು ಮುಗಿಯಿತು. ಎರಡನೆಯ ಸಲವೂ ಹಾಗೇ. ಸರದಿ ಬರದವರಿಗೆ ಉತ್ತರವನ್ನು ಬರೆದು ಕಳಿಸುವುದು ರೂಢಿ. ವೇಡರ್ಟ್ ಬೇಡವೆಂದು ಪ್ರಶ್ನೆ ಹಿಂತೆಗೆದುಕೊಂಡು ಮತ್ತೆ ಹೊಸದಾಗಿ ಹಾಕಿದರು.

"ಬರೆದದ್ದೇ ಸಾಕಲ್ವಾ ಸರ್? ನನ್ನ ಪ್ರಬಂಧಕ್ಕೆ ಅದೂ ಆದೀತು," ಎಂದಳು ಜೋಸಿಯಾನ್. ಅವಳಿಗೆ ದಿಗಿಲು ಹತ್ತಿತ್ತು.

"ಬರೆದ ಉತ್ತರಕ್ಕೆ ಮುಖ ಇರಲ್ಲ ಮಗು. ಎದುರು ನಿಂತು ಕೇಳಿದ್ರೆ ಅವರು ಓದಿ ಮುಗಿಸಿದ ಮೇಲೆ ಇನ್ನೊಂದು ಕೇಳಬಹುದು. ಆ ಇನ್ನೊಂದರಲ್ಲೇ ಎಲ್ಲ ಇರೋದು."

"ಕೇಳಿ ಏನು ಪ್ರಯೋಜನ? ಶಿಕ್ಷೆ ಕೊಡೋ ಅಧಿಕಾರ ನಿಮಗಿಲ್ವಲ್ಲ."

ಅವರು ಬ್ರೆಡ್ಡಿಗೆ ಬೆಣ್ಣೆ ಸವರಿದರು. "ನನ್ನ ಶಾಲೇಲಿ ಮನೆಪಾಠ ಮಾಡದ ಹುಡುಗರಿದ್ರು. ಹೊಡೆದ್ರೆ ಹೊಡೆಸ್ಕೊಂಡು ಆರಾಮಾಗಿ ಇರ್ತಿದ್ರು. ನಾನು ಹೊಡೀತಿರಲಿಲ್ಲ. ನಾಳೆನೂ ಕೇಳ್ತೀನಿ ಅಂತ ಅವರಿಗೆ ಗೊತ್ತಿರೋ ಹಾಗೆ ನೋಡ್ಕೋತಿದ್ದೆ. ಅಷ್ಟೆ."

ಮೇ ತಿಂಗಳ ಅಧಿವೇಶನ ಬಂತು. ಜೂನ್‌ನಲ್ಲಿ ಚುನಾವಣೆ, ವೇಡರ್ಟ್ ಮತ್ತೆ ನಿಲ್ಲುವವರಿರಲಿಲ್ಲ. ಅವರ ಪಾಲಿಗೆ ಇದೇ ಕೊನೆಯದು, ಜೋಸಿಯಾನಳ ಪಾಲಿಗೂ. ಈ ಸಲ ಪ್ರಶ್ನೆ ಏಳನೆಯದಾಗಿ ಬಂದಿತ್ತು. ಖಂಡಿತ ಸರದಿ ಸಿಗುತ್ತದೆ. ಅದಕ್ಕೆ ಮೊದಲಿನ ಆರಕ್ಕೂ ಉತ್ತರ, ಉಪಪ್ರಶ್ನೆ ಎಲ್ಲ ಆಗುವಾಗ ಒಂದು ಗಂಟೆಯಾದರೂ ಹಿಡಿಯುತ್ತದೆ ಎಂದು ವೇಡರ್ಟ್ ಲೆಕ್ಕ ಹಾಕಿದರು. ಸಂಜೆ ಪ್ರಶ್ನೋತ್ತರ ಶುರುವಾಗುವ ಹೊತ್ತಿಗೆ ಅವರು ಎರ್ನಾ ಅತ್ತೆಯ ಅಡುಗೆಮನೆಯಲ್ಲಿದ್ದರು.

ಮೇ ತಿಂಗಳಲ್ಲಿ ಆ ಸೀಮೆಯವರಿಗೆ ಶತಾವರಿಯೆಂದರೆ ಹಬ್ಬ. ಬೆಳಗ್ಗೆ ಮಣ್ಣಿಂದ ಕಿತ್ತ ಬಿಳಿ ಚಿಗುರನ್ನು ಅದೇ ದಿನ ಬೇಯಿಸಿ, ಹಂದಿತೊಡೆಯ ತೆಳು ಹೋಳುಗಳೊಂದಿಗೆ, ಮೂರು ಬಗೆಯ ಸಾಸಿನಲ್ಲಿ ಅದ್ದಿ ತಿನ್ನಬೇಕು. ಊರಾಚೆಯ ಹಳ್ಳಿಯ ಹೋಟೆಲುಗಳಲ್ಲಿ ಬೇರೇನೂ ಸಿಗುವುದೇ ಇಲ್ಲ. ಜೋಸಿಯಾನ್ ಈ ನೆಲದವಳೇ ಆಗಿದ್ದೂ ಅದನ್ನು ಯೋಚಿಸಿರಲಿಲ್ಲ.

ಅವಳು ಗ್ಯಾಲರಿಯಲ್ಲಿ ಕೂತು ಕಿವಿಗೆ ಅನುವಾದದ ಯಂತ್ರ ಸಿಕ್ಕಿಸಿಕೊಂಡಳು. ಕೆಳಗೆ ಸಭೆ ಬಣಬಣ ಎನ್ನುತ್ತಿತ್ತು. ಮೊದಲ ಪ್ರಶ್ನೆಗೆ ಆಯುಕ್ತರು ನಿಧಾನವಾಗಿ ಉತ್ತರ ಓದಿದರು. ಎರಡನೆಯದು ಬಂತು. ಕೇಳಿದವರ ಆಸನ ಖಾಲಿ.

"ಸದಸ್ಯರು ಸಭೆಯಲ್ಲಿಲ್ಲ. ಪ್ರಶ್ನೆ ಬಿದ್ದುಹೋಗಿದೆ," ಎಂದರು ಪೀಠದಲ್ಲಿದ್ದ ಉಪಾಧ್ಯಕ್ಷರು. "ಮೂರನೆಯದು."

ಮೂರನೆಯವರೂ ಇರಲಿಲ್ಲ.

ಆಗ ಅವಳಿಗೆ ತಾನು ಒಳಗೆ ಬರುವಾಗ ಬಾಗಿಲ ಬಳಿ ನಿಂತಿದ್ದ ಬಸ್ಸು ನೆನಪಾಯಿತು. ಅದರ ಗಾಜಿಗೆ ಯಾರೋ ಶತಾವರಿಯ ಚಿತ್ರ ಅಂಟಿಸಿದ್ದರು. ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಸದಸ್ಯರು ಹತ್ತುತ್ತಿದ್ದರು. ಎಲ್ಲರೂ ವೇಡರ್ಟ್ ಹಾಕಿದ ಲೆಕ್ಕವನ್ನೇ ಹಾಕಿದ್ದರು. ತನಗಿಂತ ಮೊದಲಿನವರು ಹೊತ್ತು ತೆಗೆದುಕೊಳ್ಳುತ್ತಾರೆ, ತಾನು ತಿಂದು ಬರಬಹುದು.

ಅವಳು ಎದ್ದು ಓಡಿದಳು. ಮೆಟ್ಟಿಲ ಕೆಳಗಿನ ಟೆಲಿಫೋನ್ ಗೂಡಿನಲ್ಲಿ ಒಬ್ಬ ಪತ್ರಕರ್ತ ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಿದ್ದ. ಅವಳ ಮುಖ ನೋಡಿ ತಾನೇ ಫೋನ್ ಇಟ್ಟುಬಿಟ್ಟ.

"ಅತ್ತೇ, ನಾನು ಜೋಸಿಯಾನ್. ಮೇಷ್ಟ್ರನ್ನ ಕರೀರಿ."

"ಊಟ ಮಾಡ್ತಿದಾರೆ."

"ಗೊತ್ತು ಅತ್ತೆ. ಬೇಗ ಕರೀರಿ."

"ಈಗಷ್ಟೇ ಎರಡನೇ ಸಲ ಬಡಿಸಿದೀನಿ. ಬಿಟ್ಟೆದ್ರೆ ಸಾಸು ಒಡೆದುಹೋಗತ್ತೆ. ಅಲ್ಲಿಯವರಿಗೆ ಹೇಳು, ಮನುಷ್ಯರು ಊಟ ಮಾಡೋ ಹೊತ್ತು ಅಂತ."

"ಅತ್ತೆ, ನಿಮ್ಮ ಹುಳಗಳ ಸರದಿ ಬಂದ್ಬಿಟ್ಟಿದೆ. ಮೊದಲಿನವರು ಯಾರೂ ಬಂದಿಲ್ಲ."

ಆ ಕಡೆ ಕುರ್ಚಿ ಬಿದ್ದ ಸದ್ದು. "ಮೇಷ್ಟ್ರೇ, ಏಳಿ. ಟೋಪಿ ಬೇಡ, ಏಳಿ," ಎಂಬ ಕೂಗು. ಫೋನ್ ಇಡುವುದನ್ನೂ ಮರೆತು ಎರ್ನಾ ಅತ್ತೆ ಹೊರಟಿದ್ದರು. ಗಾಡಿ ಕೆಮ್ಮಿ ಕೆಮ್ಮಿ ಹೊರಟದ್ದು ತಂತಿಯಲ್ಲೇ ಕೇಳಿಸಿತು.

ಜೋಸಿಯಾನ್ ಮರಳಿ ಗ್ಯಾಲರಿಗೆ ಬಂದಾಗ ಐದನೆಯದು ನಡೆಯುತ್ತಿತ್ತು. ಸದ್ಯ, ಕೇಳಿದವರು ಹಾಜರಿದ್ದರು. ಗ್ರೀಸಿನ ಒಬ್ಬ ಮುದುಕ, ಮೀನುಗಾರರ ಬಲೆಯ ಬಗ್ಗೆ ಮಾತಾಡುತ್ತಿದ್ದ. ಮಾತಾಡಲಿ, ಇನ್ನೂ ಮಾತಾಡಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ಒಳ್ಳೆಯವನು, ಬಹಳ ಮಾತಾಡಿದ. ಆದರೂ ಮುಗಿಸಿದ. ಆರನೆಯವರು ಇರಲಿಲ್ಲ.

"ಏಳನೆಯ ಪ್ರಶ್ನೆ. ಶ್ರೀ ವೇಡರ್ಟ್."

ಉಪಾಧ್ಯಕ್ಷರು ಕನ್ನಡಕದ ಮೇಲಿಂದ ಸಭೆಯನ್ನೊಮ್ಮೆ ನೋಡಿದರು. ಅವಳ ಬಾಯಿಯ ತನಕ ಮಾತು ಬಂದಿತ್ತು. ಬರ್ತಿದಾರೆ, ದಾರೀಲಿದಾರೆ, ಒಂದು ನಿಮಿಷ. ಆದರೆ ಗ್ಯಾಲರಿಯಲ್ಲಿ ಕೂತವರು ಕೆಮ್ಮಲೂ ಕೂಡದು.

"ಸದಸ್ಯರು ಸಭೆಯಲ್ಲಿಲ್ಲ. ಪ್ರಶ್ನೆ ಬಿದ್ದುಹೋಗಿದೆ. ಎಂಟನೆಯದು."

ಜೋಸಿಯಾನ್ ಯಂತ್ರವನ್ನು ಕಿವಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅದರೊಳಗಿಂದ ಸಣ್ಣಗೆ ಯಾರೋ ಮಾತಾಡುತ್ತಲೇ ಇದ್ದರು. ಅಂಗಡಿಯ ಮೊಳೆಗೆ ತೂಗುತ್ತಿದ್ದ ನೀಲಿ ಅಂಗಿ ಅವಳ ಕಣ್ಣಿಗೆ ಕಟ್ಟಿತು.

ಕೆಳಗಿನ ಬಾಗಿಲು ತೆರೆದುಕೊಂಡಿತು. ವೇಡರ್ಟ್ ಒಳಗೆ ಬಂದರು. ಏದುಸಿರು, ಕೆದರಿದ ಬಿಳಿಗೂದಲು, ಕೊರಳಿಗೆ ಎರ್ನಾ ಅತ್ತೆಯ ಕೆಂಪು ಚೌಕಳಿಯ ಊಟದ ವಸ್ತ್ರ ಕಟ್ಟಿದ್ದು ಹಾಗೇ ಇತ್ತು. ತಮ್ಮ ಆಸನಕ್ಕೆ ನಡೆದು, ಪಕ್ಕದವರನ್ನು ಏನೋ ಕೇಳಿದರು. ಪಕ್ಕದವರು ತಲೆಯಾಡಿಸಿ ಕೈಚೆಲ್ಲಿದರು. ಅವರು ಕೂತರು. ಗ್ಯಾಲರಿಯ ಕಡೆ ತಲೆಯೆತ್ತಿ ಅವಳನ್ನು ಹುಡುಕಿ ನೋಡಿದರು. ಪಾಠ ಮರೆತ ಹುಡುಗನ ಮುಖವಾಗಿತ್ತು ಅದು.

ಎಂಟನೆಯ ಪ್ರಶ್ನೆ ಐರ್ಲೆಂಡಿನ ಸದಸ್ಯೆಯೊಬ್ಬರದು. ಪಂದ್ಯದ ಕುದುರೆಗಳನ್ನು ಗಡಿ ದಾಟಿಸುವಾಗ ಪಶುವೈದ್ಯರ ತಪಾಸಣೆಗೆಂದು ಬಿಸಿಲಲ್ಲಿ ನಿಲ್ಲಿಸುತ್ತಾರೆ, ಇದಕ್ಕೆ ಏನು ಮಾಡುತ್ತೀರಿ ಎಂದು. ಆಯುಕ್ತರು ಕಾಗದ ನೋಡಿಕೊಂಡು ಉತ್ತರ ಓದಿದರು. ವಿಷಯ ಗಮನದಲ್ಲಿದೆ, ನಿಯಮಗಳು ಸಿದ್ಧವಾಗುತ್ತಿವೆ. ಆಕೆ ಒಂದು ಉಪಪ್ರಶ್ನೆ ಕೇಳಿ ಕೂತರು. ಬೇರೆ ಸದಸ್ಯರೂ ಒಂದೊಂದು ಉಪಪ್ರಶ್ನೆ ಕೇಳಬಹುದಿತ್ತು.

ವೇಡರ್ಟ್ ಕೈ ಎತ್ತಿದರು.

ಜೋಸಿಯಾನ್ ತಡವರಿಸಿ ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

"ಆಯುಕ್ತರೇ," ಎಂದರು ಅವರು ಜರ್ಮನ್ ಭಾಷೆಯಲ್ಲಿ, ತರಗತಿಯ ಹಿಂದಿನ ಬೆಂಚಿಗೂ ಕೇಳುವಂಥ ದನಿಯಲ್ಲಿ. "ಕುದುರೆಗಳ ಬಗ್ಗೆ ತಾವು ಹೇಳಿದ್ದು ಇನ್ನೊಂದು ಸಾಕುಪ್ರಾಣಿಗೂ ಅನ್ವಯಿಸತ್ತಾ ಅಂತ ತಿಳ್ಕೋಬೇಕಿತ್ತು. ಅದಕ್ಕೆ ಕಾಲು ಆರು. ರೆಕ್ಕೆ ಬೇರೆ ಇದೆ."

ಉಪಾಧ್ಯಕ್ಷರು ತಲೆಯೆತ್ತಿದರು. "ಶ್ರೀ ವೇಡರ್ಟ್, ತಮ್ಮ ಪ್ರಶ್ನೆ ಬಿದ್ದುಹೋಗಿದೆ."

"ಹೌದು ಸಭಾಪತಿಗಳೇ. ನಾನು ಕುದುರೆ ಬಗ್ಗೆನೇ ಕೇಳ್ತಿದೀನಿ. ಸಣ್ಣ ಕುದುರೆ."

ನಗು ಎದ್ದಿತು. ಆ ಸಭೆಯಲ್ಲಿ ನಗು ಎಂದೂ ಒಟ್ಟಿಗೆ ಬರುತ್ತಿರಲಿಲ್ಲ. ಮೊದಲು ಜರ್ಮನ್ ತಿಳಿದವರು ನಕ್ಕರು, ಅನುವಾದ ತಲುಪಿದ ಮೇಲೆ ಫ್ರೆಂಚರು, ಆಮೇಲೆ ಇಟಲಿಯವರು. ಎಲ್ಲರೂ ಸುಮ್ಮನಾದ ಮೇಲೆ ಬಲೆಯ ಬಗ್ಗೆ ಮಾತಾಡಿದ್ದ ಗ್ರೀಸಿನ ಮುದುಕ ಒಬ್ಬನೇ ಗಟ್ಟಿಯಾಗಿ ನಕ್ಕ. ಅದನ್ನು ಕೇಳಿ ಮತ್ತೆ ಎಲ್ಲರೂ ನಕ್ಕರು. ಉಪಾಧ್ಯಕ್ಷರೂ ತಡೆಯಲಾರದೆ ಮುಂದುವರಿಸಿ ಎಂಬಂತೆ ಕೈ ಮಾಡಿದರು.

"ಕುದುರೆಯನ್ನ ತಡೆದ್ರೆ ಅದು ಬಿಸಿಲಲ್ಲಿ ಕಾಯತ್ತೆ," ಎಂದರು ವೇಡರ್ಟ್. ಈಗ ದನಿ ತಗ್ಗಿತ್ತು. "ಹೂವು ಕಾಯಲ್ಲ. ನನಗೆ ಊಟ ಹಾಕೋ ಮನೆಯ ಹೆಂಗಸು ಸೇತುವೆ ದಾಟೋದಕ್ಕೆ ಪ್ರತಿ ಸಲ ಒಂದು ಮುದ್ರೆ ಬೇಕು. ತಾವಾಗೇ ಹಾರಿ ಹೋಗೋ ಅವಳ ಹುಳಗಳಿಗೆ ಬೇಡ. ಇದು ಸರಿ ಅಂತ ತಮಗನ್ನಿಸತ್ತಾ? ಆ ಕಾಗದ ನೋಡದೆ ಹೇಳಿ."

ಆಯುಕ್ತರು ಕೈಯಲ್ಲಿದ್ದ ಹಾಳೆಗಳನ್ನು ತಿರುವಿದರು. ಜೇನುಹುಳದ ಉತ್ತರವೂ ಅಲ್ಲೇ ಎಲ್ಲೋ ಇದ್ದಿರಬೇಕು. ಆದರೆ ಅದು ಬಿದ್ದುಹೋದ ಪ್ರಶ್ನೆಯ ಉತ್ತರ. ಅವರು ಹಾಳೆಗಳನ್ನು ಮಗುಚಿಟ್ಟರು.

"ಇಲ್ಲ," ಎಂದರು. "ಸರಿ ಅನ್ನಿಸುವುದಿಲ್ಲ. ಯಾಕೆ ಹಾಗಿದೆಯೆಂದು ನನಗೂ ಗೊತ್ತಿಲ್ಲ. ವಿಚಾರಿಸಿ ತಮಗೆ ತಿಳಿಸುತ್ತೇನೆ."

"ನಾನು ನಾಳೆ ಇರಲ್ಲ," ಎಂದರು ವೇಡರ್ಟ್. "ಆದ್ರೆ ಕೇಳೋರು ಬೇರೆಯವರು ಇರ್ತಾರೆ."

ಅವರು ಕೂತರು. ಆಗ ಕೊರಳಿನ ಚೌಕಳಿ ವಸ್ತ್ರ ಕೈಗೆ ತಾಕಿ, ಮೆಲ್ಲಗೆ ಬಿಚ್ಚಿ ಜೇಬಿಗೆ ತುರುಕಿಕೊಂಡರು.

ಹೊರಗೆ ಎರ್ನಾ ಅತ್ತೆ ಗಾಡಿಯನ್ನು ರಾಯಭಾರಿಗಳ ಕಾರುಗಳ ನಡುವೆ ಅಡ್ಡ ನಿಲ್ಲಿಸಿ ಪೊಲೀಸನೊಡನೆ ಜಗಳ ಮಾಡುತ್ತಿದ್ದರು. ಮನೆಗೆ ಬಂದು ಮೂವರೂ ತಣ್ಣಗಾದ ಶತಾವರಿಯನ್ನು ಕೈಯಲ್ಲೇ ತಿಂದರು. ಸಾಸು ಒಡೆದಿತ್ತು. ಅದನ್ನು ಅತ್ತೆ ವೇಡರ್ಟ್ ಹೊರಡುವ ತನಕ ಎತ್ತಿ ಆಡಿದರು.

ಮರುದಿನ ಬಂದ ಸಭೆಯ ವರದಿಯಲ್ಲಿ ಏಳನೆಯ ಪ್ರಶ್ನೆಯ ಕೆಳಗೆ ಒಂದೇ ಸಾಲು. ಕೇಳಿದವರು ಗೈರುಹಾಜರು, ಪ್ರಶ್ನೆ ಬಿದ್ದುಹೋಯಿತು. ಪ್ರೊಫೆಸರರು ಅದರ ಮೇಲೆ ಬೆರಳಿಟ್ಟು, "ಇಲ್ಲಿಗೆ ಮುಗೀತಲ್ಲಮ್ಮ ನಿನ್ನ ಪ್ರಶ್ನೆ," ಎಂದರು.

"ಇಲ್ಲ ಸರ್. ಪುಟ ತಿರುಗಿಸಿ. ಕುದುರೆಗಳ ಕೆಳಗಿದೆ."

ಅವರು ಪುಟ ತಿರುಗಿಸಿ ಓದಿದರು. ಓದುತ್ತ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಇದೇ ನಿನ್ನ ಕೊನೇ ಅಧ್ಯಾಯ. ಹೋಗಿ ಬರಿ," ಎಂದರು.

ನೀಲಿ ಅಂಗಿಯನ್ನು ಅಪ್ಪ ಅಂಗಡಿಗೆ ಬಂದ ಹೊಸ ಆಳಿಗೆ ಕೊಟ್ಟರು. ಆ ಶರತ್ಕಾಲದಲ್ಲಿ ವೇಡರ್ಟ್ ಅವರಿಗೆ ಆಯುಕ್ತರಿಂದ ಕಾಗದ ಬಂತು. ಒಂದು ಹೂವಿನ ಕಾಲಕ್ಕೆ ಒಂದೇ ಮುದ್ರೆ ಸಾಕೆಂದು ಸಲಹೆ ಕಳಿಸಿದ್ದೇವೆ ಎಂದು. ಅವರು ಅದನ್ನು ಎರ್ನಾ ಅತ್ತೆಗೆ ಕಳಿಸಿಕೊಟ್ಟರು. ಕೆಳಗೆ ಪೆನ್ಸಿಲ್‌ನಲ್ಲಿ 'ಸಾಸಿಗೆ ಪರಿಹಾರ' ಎಂದು ಬರೆದಿದ್ದರು. ಒಂದೆರಡು ವಸಂತ ಕಳೆದು ಅವರು ತೀರಿಕೊಂಡ ಸುದ್ದಿ ಬಂದಾಗ, ಅತ್ತೆ ತಮ್ಮೂರಿನ ಹಳಬರಂತೆ ಹಿತ್ತಲಿಗೆ ಹೋಗಿ, ಒಂದೊಂದೇ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ ಹುಳಗಳಿಗೂ ತಿಳಿಸಿದರು. ಜೋಸಿಯಾನ್ ಪಡಸಾಲೆಯ ಗಾಜಿನಾಚೆಯಿಂದ ನೋಡುತ್ತ ನಿಂತಿದ್ದಳು.

ನೇಜಾ ಲ್ಯಾಪ್‌ಟಾಪ್‌ನ ಮೇಲೆ ಕೈಯಿಟ್ಟು ಕೂತೇ ಇದ್ದಳು. ಕ್ಯಾಂಟೀನು ಖಾಲಿಯಾಗತೊಡಗಿತ್ತು.

"ಈಗ ಇವರನ್ನ ಯಾವ ಕಡೆ ಹಾಕ್ಲಿ ಮೇಡಂ? ಗೈರುಹಾಜರಿ ತೆಗೆದುಬಿಡ್ಲಾ?"

"ತೆಗೀಬೇಡ ಮಗಳೇ. ಬಂದಿರಲಿಲ್ಲ, ಅದು ನಿಜ. ಅದರ ಮುಂದಿನದನ್ನೂ ಓದು ಅಷ್ಟೆ. ಜೇನುಹುಳ ಅಂತ ಹುಡುಕಿದ್ರೆ ಸಿಗಲ್ಲ. ಕುದುರೆ ಅಂತ ಹುಡುಕು."

ನೇಜಾ ಹುಡುಕಿದಳು. ತುಟಿ ಅಲ್ಲಾಡಿಸುತ್ತ, ಪರಭಾಷೆಯಾದ್ದರಿಂದ ನಿಧಾನವಾಗಿ ಓದಿಕೊಂಡಳು. ಜೋಸಿಯಾನ್ ಅವಳ ಮುಖವನ್ನೇ ನೋಡುತ್ತಿದ್ದಳು. ಸಣ್ಣ ಕುದುರೆಯ ಸಾಲಿಗೆ ಬಂದಾಗ ಹುಡುಗಿ ಒಂದು ಕ್ಷಣ ನಿಂತು, ಅರ್ಥವಾಗಿ, ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುವಂತೆ ನಕ್ಕುಬಿಟ್ಟಳು.

ಆ ನಗು ಸ್ಲೊವೇನಿಯಾಕ್ಕೆ ತಲುಪಲು ಇಷ್ಟು ವರ್ಷ ಹಿಡಿಯಿತು. ಗ್ರೀಸಿನ ಮುದುಕನ ನಂತರ, ಎಲ್ಲರಿಗಿಂತ ಕೊನೆಗೆ. ಜೋಸಿಯಾನ್ ತಟ್ಟೆಯಲ್ಲಿ ತಣ್ಣಗಾಗಿದ್ದ ಶತಾವರಿಯ ಚಿಗುರನ್ನು ಕೈಯಲ್ಲೇ ಎತ್ತಿಕೊಂಡಳು.